ಪುಷ್ಪಾ ಮಾಡಿದ ಬಾಗಿಲು, ರವಿಚಂದ್ರ ಎಳೆದ ವೈರು

ವೈರು ಕೊಳ್ಳಲು ಬರುವ ಜನರಲ್ಲಿ ಎರಡು ಬಗೆ. "ಅಣ್ಣ, ಇರದ್ರಲ್ಲಿ ಕಮ್ಮೀದು ಕೊಡಿ" ಎನ್ನುವವರೆಲ್ಲ ಒಂದು ಬಗೆ. ಇನ್ನೊಂದು ಬಗೆಯಲ್ಲಿ ಕೆರಗೋಡಿನ ಪುಷ್ಪಾ ಒಬ್ಬಳೇ ಇದ್ದಾಳೆ. ಮಂಡ್ಯದ ಪೇಟೆ ಬೀದಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿರುವ ಜಯಣ್ಣನೆಂಬ ನನಗೆ ಮೊದಲ ಬಗೆಯವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಮನೆ ಮುಂದಿನ ಗ್ರಾನೈಟು ಮುಖ ಕಾಣುವಷ್ಟು ಹೊಳೆಯಬೇಕು, ಗೃಹಪ್ರವೇಶಕ್ಕೆ ಹೆಂಡತಿ ರೇಷ್ಮೆ ಸೀರೆ ಉಡಬೇಕು, ಊಟಕ್ಕೆ ಊರಿಗೆ ಊರೇ ಬರಬೇಕು. ಜೀವ ಕಾಯುವ ವೈರು ಮಾತ್ರ ಅಗ್ಗದ್ದೇ ಆಗಬೇಕು. ಹೀಗೆಂದು ಎಷ್ಟೋ ಗಿರಾಕಿಗಳ ಮುಖಕ್ಕೇ ಹೇಳಿದ್ದೇನೆ. ಅವರು ಎದುರಂಗಡಿಗೆ ಹೋಗಿದ್ದಾರೆ. ಹೋಗಲಿ ಬಿಡಿ.

ಪುಷ್ಪಾ ಮೊದಲ ಸಲ ಅಂಗಡಿಗೆ ಬಂದ ದಿನ ಚೂಡಿದಾರದ ಮೇಲೆ ಗಂಡಸರ ಅಂಗಿ ತೊಟ್ಟು, ತೋಳಿನ ಗುಂಡಿಗಳನ್ನು ಬಿಗಿಯಾಗಿ ಹಾಕಿಕೊಂಡಿದ್ದಳು. ವೇಲು ಇರಲಿಲ್ಲ. ಕೂದಲನ್ನು ಗಂಟು ಕಟ್ಟಿ ಟೋಪಿಯೊಳಗೆ ಸೇರಿಸಿದ್ದಳು. ಮೂರೆಳೆಯ ದಪ್ಪ ವೈರು ಬೇಕು ಎಂದಳು. ಕೊಟ್ಟೆ. ಅವಳು ಹಣ ಕೊಡುವ ಬದಲು ವೈರಿನ ಒಂದು ತುದಿ ಹಿಡಿದು, ಮುಷ್ಟಿಯೊಳಗೆ ಜಾರಿಸುತ್ತ ಇನ್ನೊಂದು ತುದಿಯವರೆಗೆ ಸವರಿಕೊಂಡು ಹೋದಳು. ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ನನಗೆ ರೇಗಿತು. ಇದೇನು ಸೀರೆ ಅಂಚು ನೋಡುತ್ತಿದ್ದೀಯೇನಮ್ಮ ಎಂದು ಕೇಳಿದೆ. ಅವಳು ತಲೆಯೆತ್ತದೆ ಉತ್ತರ ಕೊಟ್ಟಳು.

"ಸೀರೆ ಅರ್ದಿದ್ರೆ ಉಟ್ಕೊಂಡೋಳಿಗೆ ನಾಚ್ಕೆ ಅಷ್ಟೇ ಕಣಣ್ಣ. ವೈರು ಅರ್ದಿದ್ರೆ ಮೆಷಿನ್ ಇಡ್ದೋಳು ಮನೆಗೆ ವಾಪಸ್ ಓಗಲ್ಲ."

ನನ್ನ ಬಾಯಿ ಮುಚ್ಚಿಸಿದವರು ಈ ಜಿಲ್ಲೆಯಲ್ಲಿ ಕಡಿಮೆ ಎಂದು ನನ್ನ ಹೆಂಡತಿಯೇ ಹೇಳುತ್ತಾಳೆ.

ಅವಳು ಹಾಗೆ ಮಾತಾಡಲು ಕಾರಣವಿತ್ತು. ಅವಳ ಅಪ್ಪ ಕರಿಯಪ್ಪನವರು ಕೆರಗೋಡಿನಲ್ಲಿ ಎತ್ತಿನ ಗಾಡಿ, ನೇಗಿಲು, ಮಂಚ ಮಾಡಿಕೊಂಡಿದ್ದ ಬಡಗಿ. ಗಾಡಿಗಳ ಕಾಲ ಮುಗಿದ ಮೇಲೆ ಹೊಸ ಮನೆಗಳ ಮರಗೆಲಸಕ್ಕೆ ಹೋಗತೊಡಗಿದರು. ಮಳವಳ್ಳಿಯಲ್ಲಿ ಒಂದು ಕಟ್ಟಡ. ನೆಲಕ್ಕೆ ಆಗತಾನೇ ನೀರು ಕಟ್ಟಿದ್ದರು. ಯಾರದೋ ಡ್ರಿಲ್ಲಿಂಗ್ ಮೆಷಿನ್ನು, ಮೈಯೆಲ್ಲ ಲೋಹದ್ದು. ಎರಡು ತೂತಿನ ಪಾಯಿಂಟಿಗೆ ಸಿಕ್ಕಿಸಬೇಕೆಂದು ಆ ಪುಣ್ಯಾತ್ಮರು ಪ್ಲಗ್ಗಿನ ಮೂರನೇ ಕಡ್ಡಿಯನ್ನೇ ಕೊಯ್ದು ಬಿಸಾಕಿದ್ದರು. ಒಳಗೆ ಸೋರಿದ ಕರೆಂಟು ನೆಲಕ್ಕೆ ಹೋಗಬೇಕಾದ ದಾರಿಯೇ ಆ ಕಡ್ಡಿ. ಅದಿಲ್ಲವೆಂದರೆ ಕರೆಂಟು ಮೆಷಿನ್ನು ಹಿಡಿದವರ ಮೈಯನ್ನೇ ದಾರಿ ಮಾಡಿಕೊಳ್ಳುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದ ಕರಿಯಪ್ಪನವರ ಕೈ ಮೆಷಿನ್ನಿಗೆ ಅಂಟಿಕೊಂಡಿತು. ಸುತ್ತ ಇದ್ದವರು ಕೂಗಿಕೊಂಡರೇ ಹೊರತು ಯಾರಿಗೂ ಏನೂ ತೋಚಲಿಲ್ಲ. ಅಪ್ಪನಿಗೆ ಬುತ್ತಿ ತಂದಿದ್ದ ಪುಷ್ಪಾ ಅಪ್ಪನನ್ನು ಮುಟ್ಟಲು ಹೋಗದೆ, ಗೋಡೆಯ ಹತ್ತಿರ ಓಡಿ ಪ್ಲಗ್ಗು ಕಿತ್ತಳು. ಕರಿಯಪ್ಪನವರು ಉಳಿದರು. ಆದರೆ ಬಲಗೈ ನಡುಗುವುದು ನಿಲ್ಲಲಿಲ್ಲ. ಉಳಿ ಹಿಡಿಯುವುದು ಅವರಿಂದ ಮತ್ತೆ ಆಗಲಿಲ್ಲ.

ಅಲ್ಲಿಂದ ಉಳಿ, ಸುತ್ತಿಗೆ, ಮೆಷಿನ್ನುಗಳೆಲ್ಲ ಮಗಳ ಕೈಗೆ ಬಂದವು. ಅಪ್ಪ ಸ್ಟೂಲಿನ ಮೇಲೆ ಕೂತು ಹೇಳುವುದು, ಮಗಳು ಮಾಡುವುದು. ಕೆಲವು ವರ್ಷ ಕಳೆದ ಮೇಲೆ ಹೇಳುವ ಅಗತ್ಯವೂ ಉಳಿಯಲಿಲ್ಲ. ಕರಿಯಪ್ಪನವರು ಅಭ್ಯಾಸಬಲದಿಂದ ಹೇಳುತ್ತಲೇ ಇರುತ್ತಾರೆ, ಅವಳು ಹೂಂಗುಟ್ಟುತ್ತ ತನಗೆ ಸರಿ ಕಂಡದ್ದನ್ನು ಮಾಡುತ್ತಾಳೆ.

ಮದ್ದೂರಿನ ಹತ್ತಿರ ಶಿವಪುರದಲ್ಲಿ ಅವಳು ಕಿಟಕಿ ಕೂರಿಸುತ್ತಿದ್ದಾಗ ನಾನೇ ಕೀಲುಗಳನ್ನು ಕೊಡಲು ಹೋಗಿದ್ದೆ. ಕರೆಂಟಿನ ಪಾಯಿಂಟು ಅಲ್ಲೇ ಪಕ್ಕದಲ್ಲಿತ್ತು. ಆದರೂ ಅವಳು ಸುರುಳಿ ಸುತ್ತಿದ್ದ ವೈರನ್ನೆಲ್ಲ ಬಿಚ್ಚಿ, ಅಂಗಳದ ತುಂಬ ಹಾವಿನ ಹಾಗೆ ಹಾಸಿದಳು. ಅಷ್ಟುದ್ದ ಯಾಕೆ ಬಿಚ್ಚುತ್ತೀಯ ಎಂದರೆ, ಸುತ್ತಿಟ್ಟ ವೈರಿನಲ್ಲಿ ದೊಡ್ಡ ಮೆಷಿನ್ನು ಓಡಿಸಿದರೆ ಒಳಗೊಳಗೇ ಕಾದು ಕರಗುತ್ತದೆ ಎಂದಳು. ಕಟಿಂಗ್ ಮೆಷಿನ್ನಿನ ಬ್ಲೇಡು ಬದಲಿಸುವಾಗ ಪ್ಲಗ್ಗು ಕಿತ್ತು, ಅದನ್ನು ತಂದು ತನ್ನ ಮಡಿಲಲ್ಲೇ ಇಟ್ಟುಕೊಂಡಳು. ಗಾರೆ ಕೆಲಸದವರು ಅದೇನು ಕೂಸೇ ಎಂದು ರೇಗಿಸಿದರು. ಮಡಿಲಲ್ಲಿದ್ದರೆ ಯಾವ ಘನಂದಾರಿಯೂ ಮರೆತು ಸ್ವಿಚ್ಚು ಹಾಕಲಾರ ಎಂದು ಅವಳು ನಕ್ಕಳು. ಅವಳು ಕೆಲಸಕ್ಕೆ ನಿಂತರೆ ನೋಡುವುದೇ ಒಂದು ಖುಷಿ. ಮೆಷಿನ್ನು ಗುಂಯ್ಯೆನ್ನುತ್ತದೆ, ಮರದ ಹೊಟ್ಟು ಚಿಮ್ಮುತ್ತದೆ, ಕನ್ನಡಕದ ಹಿಂದೆ ಅವಳ ಕಣ್ಣು ಅರಳಿರುತ್ತದೆ.

ಆಮೇಲೆ ಅವಳಿಗಾಗಿ ನಾನೇ ಒಂದು ಡಬ್ಬ ಮಾಡಿಕೊಟ್ಟೆ. ಎಕ್ಸ್‌ಟೆನ್ಶನ್ ಬಾಕ್ಸೇ, ಆದರೆ ಒಳಗೆ ಒಂದು ಟ್ರಿಪ್ಪರು. ವೈರಿನಲ್ಲೋ ಮೆಷಿನ್ನಿನಲ್ಲೋ ಕರೆಂಟು ಎಲ್ಲಾದರೂ ಸೋರಿತೆಂದರೆ ಟಕ್ಕೆಂದು ತಾನೇ ಬಿದ್ದು ಕರೆಂಟು ಕಡಿಯುತ್ತದೆ. ಅವಳು ಎಲ್ಲಿಗೆ ಹೋದರೂ ಮೊದಲು ಆ ಹಳದಿ ಡಬ್ಬ, ಆಮೇಲೆ ಮೆಷಿನ್ನು.

ಇಷ್ಟೆಲ್ಲ ಇದ್ದರೂ ಒಂದು ಕೆಲಸ ಮಾತ್ರ ಅವಳ ಕೈಗೆ ಬರುತ್ತಿರಲಿಲ್ಲ. ಕಿಟಕಿ ಕೊಡುತ್ತಿದ್ದರು, ಕಪಾಟು ಕೊಡುತ್ತಿದ್ದರು, ಅಡುಗೆಮನೆಯ ಬಾಗಿಲನ್ನೂ ಕೊಡುತ್ತಿದ್ದರು. ತಲಬಾಗಿಲು ಕೊಡುತ್ತಿರಲಿಲ್ಲ. ತಲಬಾಗಿಲೆಂದರೆ ಮನೆಯ ಲಕ್ಷ್ಮಿ. ಅದನ್ನು ನಿಲ್ಲಿಸುವ ದಿನ ಪೂಜೆ ಮಾಡಿ, ಬಡಗಿಗೆ ತಾಂಬೂಲ ಕೊಟ್ಟು ಕೈಮುಗಿಯುತ್ತಾರೆ. ಅದನ್ನು ಹೆಂಗಸು ಮಾಡಿದ್ದು ಉಂಟೇ ಎಂದು ಎಲ್ಲರೂ ನಯವಾಗಿ ಜಾರಿಕೊಳ್ಳುತ್ತಿದ್ದರು. ಬಡಗಿಯ ಹೆಸರು ಊರಿಂದೂರಿಗೆ ಹೋಗುವುದೇ ತಲಬಾಗಿಲಿನಿಂದ. ನಡೆದು ಹೋಗುವವರಿಗೆ ಕಾಣುವುದು ಅದೊಂದೇ. ಪುಷ್ಪಾ ಬಾಯಿಬಿಟ್ಟು ಹೇಳಿಕೊಳ್ಳುತ್ತಿರಲಿಲ್ಲ. ಆದರೆ ಬೇರೆಯವರು ಮಾಡಿದ ತಲಬಾಗಿಲಿನ ಮುಂದೆ ಅವಳು ಸ್ಕೂಟಿ ನಿಲ್ಲಿಸಿ ನೋಡುತ್ತ ನಿಲ್ಲುವುದನ್ನು ನಾನು ಕಂಡಿದ್ದೇನೆ.

ದುದ್ದದ ನಾಗೇಶ್ ಅವಳಿಗೆ ತಲಬಾಗಿಲು ಕೊಟ್ಟ. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಾಗೇಶ್ ನನ್ನ ಹಳೆಯ ಗಿರಾಕಿ, ತಕ್ಕಮಟ್ಟಿಗೆ ಒಳ್ಳೆಯ ವೈರನ್ನೇ ಕೊಳ್ಳುವವನು. ಪುಷ್ಪಾ ಮಾಡಿದ್ದ ದೇವರ ಮಂಟಪವೊಂದನ್ನು ನೋಡಿ, ನನ್ನ ಹೊಸ ಮನೆಯ ಬಾಗಿಲನ್ನು ಅವಳೇ ಮಾಡಲಿ ಎಂದುಬಿಟ್ಟ. ಅವನ ತಾಯಿ ದೊಡ್ಡತಾಯಮ್ಮ ಒಪ್ಪಲಿಲ್ಲ. ಆ ಅಜ್ಜಿಯ ಮಾತೆಂದರೆ ದುದ್ದದಲ್ಲಿ ಯಾರೂ ಎದುರಾಡುವುದಿಲ್ಲ. ಮಗ ಹಟ ಹಿಡಿದ, ಸೊಸೆ ಸೌಮ್ಯ ಗಂಡನ ಕಡೆ ನಿಂತಳು. ಕೊನೆಗೆ ಅಜ್ಜಿ ಒಂದು ಷರತ್ತು ಹಾಕಿದರು. ಪುಷ್ಪಾಳನ್ನು ಎದುರಿಗೆ ನಿಲ್ಲಿಸಿಕೊಂಡೇ ಹಾಕಿದರು.

"ನೋಡವ್ವ, ನಾನು ನೀನು ಜಗಳಾಡದು ಬ್ಯಾಡ. ಗೃಹಪ್ರವೇಸದ ದಿಸ ಅಸ ನಿನ್ನ ಬಾಗ್ಲಲ್ಲಿ ತಾನಾಗಿ ಒಳೀಕೆ ಓದ್ರೆ ನಂದೇನು ತಕರಾರಿಲ್ಲ. ಓಗ್ನಿಲ್ಲ ಅಂದ್ರೆ ಬಾಗ್ಲು ಕೀಳಿಸ್ತೀನಿ, ಊರೂರಿಗೂ ಏಳ್ತೀನಿ."

ಪುಷ್ಪಾ ಆಗಲಿ ಅಜ್ಜಿ ಎಂದಳು. ನಮ್ಮ ಕಡೆ ಹೊಸ ಮನೆಗೆ ಮನುಷ್ಯರು ಕಾಲಿಡುವ ಮೊದಲು ಹಸು ಕರುವನ್ನು ಒಳಗೆ ಬಿಡುತ್ತಾರೆ. ಅದಕ್ಕೆಂದೇ ದುದ್ದದಲ್ಲಿ ಒಂದು ಸಾಧು ನಾಟಿ ಹಸು ಇದೆ. ಸುತ್ತಮುತ್ತಲಿನ ಎಷ್ಟೋ ಮನೆಗಳನ್ನು ಹೊಕ್ಕು, ಬೆಲ್ಲ ಬಾಳೆಹಣ್ಣು ತಿಂದು, ಸಗಣಿ ಹಾಕಿ ಆಶೀರ್ವಾದ ಮಾಡಿ ಬಂದ ಅನುಭವಸ್ಥೆ. ಅದು ಬೆದರಿದ್ದನ್ನು ಕಂಡವರಿಲ್ಲ. ಹಾಗಾಗಿ ನಾನಂತೂ ಗೆದ್ದೆವು ಎಂದುಕೊಂಡೆ.

ಬಾಗಿಲು ಎಂಥ ಬಾಗಿಲು ಎನ್ನುತ್ತೀರಿ. ಹೊನ್ನೆ ಮರ. ಮೇಲೆ ಭತ್ತದ ತೆನೆ, ಕೆಳಗೆ ಕಬ್ಬಿನ ಜಲ್ಲೆ, ನಡುವೆ ತುಂಬಿದ ಕಳಶ. ನಾಗೇಶನ ಮನೆಗೆ ಇನ್ನೂ ಮೀಟರು ಬಂದಿರಲಿಲ್ಲ, ಹಿಂದಿನ ಮನೆಯ ಬೆಳ್ಳಮ್ಮನ ಜಗಲಿಯಿಂದ ಕರೆಂಟು ತೆಗೆದುಕೊಳ್ಳಬೇಕಿತ್ತು. ಪುಷ್ಪಾ ತನ್ನ ಹಳದಿ ಡಬ್ಬವನ್ನು ಅಲ್ಲಿ ಸಿಕ್ಕಿಸಿ, ವೈರನ್ನು ಗೋಡೆಯ ಮೇಲಿಂದ ತಂದು, ಒಂದು ದಿನವೂ ಅದು ನೀರಿಗೆ ತಾಗದಂತೆ, ಯಾರ ಕಾಲಿಗೂ ಸಿಕ್ಕದಂತೆ ನೋಡಿಕೊಂಡು ಕೆಲಸ ಮುಗಿಸಿದಳು. ಗೃಹಪ್ರವೇಶದ ಹಿಂದಿನ ಸಂಜೆ ಹೋಗಿ ನೋಡಿದೆ. ಒಂದು ಬೆರಳಲ್ಲಿ ತಳ್ಳಿದರೆ ಸದ್ದಿಲ್ಲದೆ ತೆರೆಯಿತು. ಅಂಗಡಿಗೆ ಹಿಂದಿರುಗುವ ದಾರಿಯುದ್ದಕ್ಕೂ ಒಬ್ಬನೇ ನಗುತ್ತಿದ್ದೆ.

ಆ ಸಂಜೆ ಅವಳು ತನ್ನ ವೈರು ಮೆಷಿನ್ನುಗಳನ್ನೆಲ್ಲ ಸುತ್ತಿಕೊಂಡು ಹೊರಟಳು. ಶಾಮಿಯಾನದ ರವಿಚಂದ್ರ ಅಷ್ಟರಲ್ಲಿ ಬಂದ. ಊರಿನ ಮದುವೆ ಮುಂಜಿಗಳಿಗೆಲ್ಲ ಮೈಕು, ಲೈಟು, ಕುರ್ಚಿ ಅವನದೇ. ಸದಾ ಹಲ್ಲು ಕಿರಿಯುವ, ಯಾರಿಗೂ ಇಲ್ಲವೆನ್ನದ ಮನುಷ್ಯ. ಅವನ ಮೈಕು ಲೈಟುಗಳಿಗೂ ಬೆಳ್ಳಮ್ಮನ ಜಗಲಿಯೇ ಗತಿ. ಹಾಗಾದರೆ ನನ್ನ ಹಳದಿ ಡಬ್ಬದ ಮೂಲಕವೇ ತೆಗೆದುಕೋ, ನಾಳೆ ಊಟವಾದ ಮೇಲೆ ಕೊಡು ಎಂದು ಪುಷ್ಪಾ ಡಬ್ಬವನ್ನು ಅಲ್ಲೇ ಬಿಟ್ಟು ಹೋದಳು.

ಬೆಳಗ್ಗೆ ನಾನು ದುದ್ದ ತಲುಪುವ ಹೊತ್ತಿಗೆ ಮೈಕು ಕಿವಿ ಹರಿಯುವ ಹಾಗೆ ಹಾಡುತ್ತಿತ್ತು. ಮನೆಗೆ ಬಣ್ಣಬಣ್ಣದ ಸೀರಿಯಲ್ ಲೈಟು, ಮಾವಿನ ತೋರಣ, ಬಾಳೆಕಂದು. ಮುಂಬಾಗಿಲಿಂದ ಹಸುವಿಗಿಂತ ಮೊದಲು ಯಾರೂ ಹೋಗುವ ಹಾಗಿಲ್ಲವೆಂದು ಅಡುಗೆಯವರೂ ನೆಂಟರೂ ಹಿಂಬಾಗಿಲಿನಿಂದ ಓಡಾಡುತ್ತಿದ್ದರು. ಹೊಸ್ತಿಲ ಮುಂದೆ ರವಿಚಂದ್ರ ಒಂದು ಹಸಿರು ಮ್ಯಾಟು ಹಾಸಿದ್ದ. ರವಿಚಂದ್ರ ನನ್ನನ್ನು ಕಂಡವನೇ ಹಳದಿ ಡಬ್ಬ ತಂದು ಕೈಗಿತ್ತ. ಅಣ್ಣ, ನೀವು ಮಾಡಿದ ಡಬ್ಬ ಸರಿಯಿಲ್ಲ, ಸ್ವಿಚ್ಚು ಹಾಕಿದರೆ ಬೀಳುತ್ತದೆ, ಹಾಕಿದರೆ ಬೀಳುತ್ತದೆ, ಅದಕ್ಕೇ ಡೈರೆಕ್ಟು ಕೊಟ್ಟೆ ಎಂದ. ನನ್ನ ಸಿಟ್ಟು ನೆತ್ತಿಗೇರಿತು. ನನ್ನ ಕೈಯಾರೆ ಮಾಡಿದ ಡಬ್ಬಕ್ಕೆ, ಅದೂ ಇಷ್ಟು ಜನರ ಮುಂದೆ, ಕೆಟ್ಟ ಹೆಸರು. ಸಿಟ್ಟಿನಲ್ಲಿ ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡು, ಸಮಾರಂಭ ಮುಗಿಯಲಿ ನಿನಗಿದೆ ಎಂದು ಕುರ್ಚಿಯಲ್ಲಿ ಕೂತೆ.

ಪಕ್ಕದ ಕುರ್ಚಿಯಲ್ಲಿ ದೊಡ್ಡತಾಯಮ್ಮ ಹೆಂಗಸರಿಗೆ ಸಂಭ್ರಮದಿಂದ ಏನೋ ಹೇಳುತ್ತಿದ್ದರು. ಬೆಳಗಿನ ಜಾವ ಹೊಸ್ತಿಲಿಗೆ ನೀರು ಹಾಕಿ, ಅರಿಶಿನ ಬಳಿಯಲು ಬಗ್ಗಿದಾಗ ಪಾದದಿಂದ ನೆತ್ತಿಯವರೆಗೆ ಜುಮ್ಮೆಂದಿತಂತೆ. ಮಾರಮ್ಮ ತಾಯಿಯೇ ಹೊಸ ಮನೆಗೆ ಬಂದಳು, ತನ್ನ ಮೈ ಮುಟ್ಟಿ ಹೋದಳು ಎಂದು ಅಜ್ಜಿ ಎರಡೂ ಕೈ ಎತ್ತಿ ಮುಗಿದರು. ಹೆಂಗಸರೂ ಮುಗಿದರು. ಸತ್ಯ ಹೇಳುತ್ತೇನೆ, ನಾನೂ ಮುಗಿದೆ.

ಪುಷ್ಪಾ ಅಪ್ಪನನ್ನು ಕೂರಿಸಿಕೊಂಡು ಸ್ಕೂಟಿಯಲ್ಲಿ ಬಂದಳು. ಜೀವಮಾನದಲ್ಲಿ ಮೊದಲ ಸಲ ಅವಳನ್ನು ಸೀರೆಯಲ್ಲಿ ನೋಡಿದೆ. ಅವಳಿಗೆ ಕೂರಲಾಗುತ್ತಿರಲಿಲ್ಲ, ನಿಲ್ಲಲಾಗುತ್ತಿರಲಿಲ್ಲ.

ಮುಹೂರ್ತಕ್ಕೆ ಹಸು ಬಂತು. ಕೊರಳಲ್ಲಿ ಗಂಟೆ, ಕೊಂಬಿಗೆ ಹೂವು, ಹಿಂದೆ ಕರು. ಮನೆಯೊಳಗಿಂದ ಸೌಮ್ಯ ಬೆಲ್ಲದ ತಟ್ಟೆ ಹಿಡಿದು ಕರೆದಳು. ಹಸು ನೆಟ್ಟಗೆ ಬಾಗಿಲ ಬಳಿ ಬಂತು, ಮುಂಗಾಲನ್ನು ಮ್ಯಾಟಿನ ಮೇಲಿಟ್ಟಿತು. ಇಟ್ಟದ್ದೇ ತಡ ಬೆಚ್ಚಿಬಿದ್ದು ಹಿಂದಕ್ಕೆ ಜಿಗಿಯಿತು. ಜನ ನಕ್ಕರು. ನಾಗೇಶ್ ಮೈ ಸವರಿ ಮತ್ತೆ ಕರೆತಂದ. ಮತ್ತೆ ಕಾಲು ಚಾಚಿತು, ಮತ್ತೆ ಬುಸುಗುಡುತ್ತ ಹಿಂದೆ ಸರಿಯಿತು. ಈ ಸಲ ಯಾರೂ ನಗಲಿಲ್ಲ. ಅದರ ಕಣ್ಣು ಅಗಲವಾಗಿತ್ತು. ಎಷ್ಟೋ ಮನೆ ಹೊಕ್ಕ ಹಸು ಈ ಬಾಗಿಲಲ್ಲಿ ಹೋಗುವುದಿಲ್ಲ ಎನ್ನುತ್ತಿತ್ತು.

ಮೊದಲು ಪಿಸುಗುಟ್ಟಿದರು, ಆಮೇಲೆ ಬಾಯಿಬಿಟ್ಟೇ ಅಂದರು. ಹೆಂಗಸು ಮಾಡಿದ ಬಾಗಿಲು, ದನಕ್ಕೂ ಗೊತ್ತಾಗುತ್ತದೆ ಎಂದರು. ದೊಡ್ಡತಾಯಮ್ಮ ಎದ್ದು ನಿಂತರು. ನಾನು ಪುಷ್ಪಾಳ ಕಡೆ ನೋಡಿದೆ. ಅವಳ ಮುಖ ಬಿಳಿಚಿಕೊಂಡಿತ್ತು. ಅವಳು ಕಟ್ಟಿಕೊಂಡದ್ದೆಲ್ಲ ಒಂದು ಹಸುವಿನ ಕಾಲಡಿಯಲ್ಲಿ ಕುಸಿಯುತ್ತಿತ್ತು. ನನಗೆ ಆ ಹಸುವಿನ ಮೇಲೆ, ಆ ಜನರ ಮೇಲೆ, ಆಗಷ್ಟೇ ಕೈಮುಗಿದಿದ್ದ ಮಾರಮ್ಮನ ಮೇಲೂ ಕೋಪ ಬಂತು. ಆ ತಾಯಿ ಬೆಳಗ್ಗೆ ಅಜ್ಜಿಯನ್ನು ಜುಮ್ಮೆನಿಸಿ ಹೋದವಳು ಈಗ ಎಲ್ಲಿದ್ದಾಳೆ ಎಂದು ಗೊಣಗಿದೆ.

ಪುಷ್ಪಾ ಗಕ್ಕನೆ ತಿರುಗಿ, ಏನು ಜುಮ್ಮೆಂದದ್ದು ಎಂದು ಕೇಳಿದಳು. ಅಜ್ಜಿ ಹೊಸ್ತಿಲು ತೊಳೆದ ಕಥೆ ಹೇಳಿದೆ. ಹೇಳುತ್ತಿರುವಾಗಲೇ ಅವಳ ಕಣ್ಣು ನನ್ನ ಕಂಕುಳಲ್ಲಿದ್ದ ಹಳದಿ ಡಬ್ಬದ ಮೇಲೆ ಬಿತ್ತು. ಇದು ಯಾಕೆ ನಿನ್ನ ಹತ್ತಿರ ಇದೆ ಎಂದಳು. ಹಾಕಿದರೆ ಬೀಳುತ್ತದಂತೆ, ಡೈರೆಕ್ಟು ಕೊಟ್ಟಿದ್ದಾನಂತೆ ಎಂದೆ. ಹೇಳಿದ ಮೇಲೆ ನನಗೂ ಹೊಳೆಯಿತು. ಡಬ್ಬ ಕೆಟ್ಟಿರಲಿಲ್ಲ, ಸರಿಯಾಗಿಯೇ ಕೆಲಸ ಮಾಡಿತ್ತು. ಎಲ್ಲೋ ಸೋರುತ್ತಿದೆ ಎಂದು ಮತ್ತೆ ಮತ್ತೆ ಬಿದ್ದು ಹೇಳಿತ್ತು. ವೈರು ಮಾರುವ ಅಂಗಡಿಯವನಾಗಿ ನಾನು ಅದನ್ನು ಬಗಲಲ್ಲಿಟ್ಟುಕೊಂಡು ಮುನಿಸಿಕೊಂಡು ಕೂತಿದ್ದೆ.

"ಜಯಣ್ಣ, ಆ ಮ್ಯಾಟ್ ಕೆಳೀಕೆ ವೈರದೆ. ಅಸ ಇಂದಕ್ಕೆ ಎಳ್ಸು. ಒಬ್ರೂ ಬಾಗ್ಲತ್ರ ಓಗ್ದಂಗೆ ನೋಡ್ಕೊ" ಎಂದವಳು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದಳು.

ಮನೆಯ ಪಕ್ಕದ ಸಂದಿಯಲ್ಲಿ ಅವಳು ಮಾಯವಾದದ್ದನ್ನು ಎಲ್ಲರೂ ನೋಡಿದರು. ನೋಡಿ, ಕಾಲಿಗೆ ಬುದ್ಧಿ ಹೇಳಿದಳು ಎಂದು ಯಾರೋ ಅಂದರು. ಉತ್ತರ ಕೊಡಲು ನನಗೆ ಪುರುಸೊತ್ತಿರಲಿಲ್ಲ. ಒಂದೇ ಜಿಗಿತಕ್ಕೆ ಹೋಗಿ ಮ್ಯಾಟಿನ ಈಚೆ ಕೈಚಾಚಿ ನಿಂತೆ, ಯಾರೂ ಮುಂದೆ ಬರಕೂಡದು, ಕರೆಂಟಿದೆ ಎಂದು ಕೂಗಿದೆ. ಮೈಕಿನ ಹಾಡಿನಲ್ಲಿ ನನ್ನ ಕೂಗು ಅರ್ಧ ಜನಕ್ಕೆ ಕೇಳಲಿಲ್ಲ, ಕೇಳಿದವರು ನಂಬಲಿಲ್ಲ. ಮುಹೂರ್ತ ಮೀರುತ್ತದೆ, ಹಸುವನ್ನು ಎತ್ತಿಯಾದರೂ ಒಳಗೆ ಹಾಕೋಣ ಎಂದು ನೆಂಟರ ಪೈಕಿ ಗಟ್ಟಿಮುಟ್ಟಾದ ಕೆಲವರು ಪಂಚೆ ಎತ್ತಿ ಕಟ್ಟಿ ಬಂದರು. ಎಲ್ಲರೂ ಬರಿಗಾಲು. ನಾನು ಒಬ್ಬನನ್ನು ಎದೆಗೆ ಕೈಕೊಟ್ಟು ನೂಕಿದೆ, ಇನ್ನೊಬ್ಬನ ಶರ್ಟು ಹಿಡಿದೆ. ಒಳಗಿದ್ದ ಸೌಮ್ಯಳಿಗೆ ಹೊಸ್ತಿಲು ಮುಟ್ಟಬೇಡವ್ವ ಎಂದು ಅರಚಿದೆ. ನಾಗೇಶನಿಗೆ ನನ್ನ ಮುಖ ನೋಡಿಯೇ ಏನೋ ಅರ್ಥವಾಗಿರಬೇಕು, ಹಸುವಿನ ಹಗ್ಗ ಹಿಡಿದು ಹಿಂದಕ್ಕೆ ಎಳೆದುಕೊಂಡ.

ಅಷ್ಟರಲ್ಲಿ ದೊಡ್ಡತಾಯಮ್ಮ ಒಂದು ಚೊಂಬು ನೀರು ಹಿಡಿದು ಬಂದರು. ತಾಯಿ ಮುನಿದಿದ್ದಾಳೆ, ಹೊಸ್ತಿಲಿಗೆ ನೀರು ಬಿಟ್ಟು ಬೇಡಿಕೊಳ್ಳುತ್ತೇನೆ ಎಂದು ನೇರ ಮ್ಯಾಟಿನ ಕಡೆ ನಡೆದರು. ನೀರು ತುಳುಕಿ ಒದ್ದೆಯಾದ ಸೀರೆ, ಬರಿಗಾಲು, ಕೈಯಲ್ಲಿ ತಾಮ್ರದ ಚೊಂಬು. ಯಮನಿಗೆ ಇದಕ್ಕಿಂತ ಒಳ್ಳೆಯ ಆಮಂತ್ರಣ ಯಾರೂ ಕೊಟ್ಟಿರಲಾರರು. ನಾನು ಅಜ್ಜಿಯ ಎರಡೂ ಮುಂಗೈ ಹಿಡಿದುಕೊಂಡೆ. ಚೊಂಬು ಉರುಳಿತು. ನೂರಾರು ಜನರ ಮುಂದೆ ಆ ಮನೆಯ ಹಿರಿಯಳ ಕೈ ಹಿಡಿದು ಎಳೆದಾಡುತ್ತಿದ್ದ ನನ್ನ ಬೆನ್ನಿಗೆ ಧಪ್ಪೆಂದು ಗುದ್ದು ಬಿತ್ತು. ಯಾರದೆಂದು ಇವತ್ತಿಗೂ ಗೊತ್ತಿಲ್ಲ. ಅಜ್ಜಿ ಬಾಯಿಗೆ ಬಂದಂತೆ ಬೈಯುತ್ತಿದ್ದರು. ನಾನು ಬಿಡಲಿಲ್ಲ. ಸತ್ತರೂ ಬಿಡುತ್ತಿರಲಿಲ್ಲ.

ಹಾಡು ನಿಂತಿತು.

ನಡುಸಾಲಿನಲ್ಲಿ ಕತ್ತರಿಸಿದ ಹಾಗೆ ಮೈಕು ನಿಂತಿತು, ಸೀರಿಯಲ್ ಲೈಟುಗಳೆಲ್ಲ ಆರಿದವು. ನಾಗೇಶ್ ಹಗ್ಗ ಸಡಿಲ ಬಿಟ್ಟ. ಹಸು ಸ್ವಲ್ಪ ಹೊತ್ತು ಮೂಸುತ್ತ ನಿಂತಿತು. ಆಮೇಲೆ ಯಾರೂ ಎಳೆಯದೆ, ಯಾರೂ ತಳ್ಳದೆ, ಗಂಟೆ ಆಡಿಸುತ್ತ ಮ್ಯಾಟು ದಾಟಿ, ಹೊಸ್ತಿಲು ದಾಟಿ ಒಳಗೆ ಹೋಯಿತು. ಕರುವೂ ಕುಪ್ಪಳಿಸಿ ಹಿಂದೆ ಹೋಯಿತು. ಒಳಗೆ ಸೌಮ್ಯಳ ತಟ್ಟೆಯಿಂದ ಬೆಲ್ಲ ನೆಕ್ಕುವ ಸದ್ದು ಬೀದಿಯವರೆಗೂ ಕೇಳಿಸಿತು. ಜನ ಹೋ ಎಂದರು, ಚಪ್ಪಾಳೆ ತಟ್ಟಿದರು. ನನಗೆ ಕುಣಿಯಬೇಕೆನ್ನಿಸಿತು, ಅಜ್ಜಿಯ ಕೈ ಇನ್ನೂ ನನ್ನ ಕೈಯಲ್ಲೇ ಇದ್ದುದರಿಂದ ಕುಣಿಯಲಾಗಲಿಲ್ಲ.

ಪುಷ್ಪಾ ಸಂದಿಯಿಂದ ಬಂದಳು. ಬೆಳ್ಳಮ್ಮ ಅಡುಗೆಗೆ ಬಂದಿದ್ದರಿಂದ ಆ ಮನೆಯ ಗೇಟಿಗೆ ಬೀಗ. ಸೀರೆಯಲ್ಲೇ ಕಾಂಪೌಂಡು ಹಾರಿ, ಜಗಲಿಯ ಮೇಲಿನ ಮೇನ್ ಸ್ವಿಚ್ಚು ಎಳೆದು ಬಂದಿದ್ದಳು. ಮೊಣಕೈ ತರಚಿತ್ತು, ಸೀರೆಯಂಚು ಹರಿದಿತ್ತು. ಅವಳ ಕೈಯಲ್ಲಿ ರವಿಚಂದ್ರನ ವೈರಿನ ತುದಿ. ಅದಕ್ಕೆ ಪ್ಲಗ್ಗೇ ಇರಲಿಲ್ಲ. ಬೆತ್ತಲೆ ಎಳೆಗಳನ್ನು ತೂತಿಗೆ ತೂರಿಸಿ, ಜಾರದಂತೆ ಪೊರಕೆ ಕಡ್ಡಿ ಸಿಕ್ಕಿಸಿದ್ದ ಮಹಾನುಭಾವ. ಮ್ಯಾಟು ಎತ್ತಿ ನೋಡಿದೆವು. ಎರಡು ತುಂಡು ವೈರನ್ನು ಅಲ್ಲೇ ಗಂಟು ಹಾಕಿ, ಗಂಟಿಗೆ ಹಾಲಿನ ಪ್ಯಾಕೆಟ್ಟು ಸುತ್ತಿ ದಾರ ಕಟ್ಟಿದ್ದ. ಬರುವವರು ಎಡವಬಾರದೆಂದು ಮೇಲೆ ಮ್ಯಾಟು ಮುಚ್ಚಿದ್ದನಂತೆ. ಅರಿಶಿನದ ನೀರಲ್ಲಿ ಆ ಗಂಟು ನೆನೆದು ತೊಪ್ಪೆಯಾಗಿತ್ತು.

ನಾನು ರವಿಚಂದ್ರನನ್ನು ಉಗಿದು ಉಪ್ಪಿನಕಾಯಿ ಹಾಕಿದೆ. ಅವನು ತಲೆ ತಗ್ಗಿಸಿ ನಿಂತ. ಪುಷ್ಪಾ ನನ್ನ ಹಾಗೆ ಕೂಗಾಡಲಿಲ್ಲ. ಯಾರಿಂದಲೋ ಕಟಿಂಗ್ ಪ್ಲೇಯರ್ ಇಸಿದುಕೊಂಡು, ಮತ್ತೆ ಯಾರೂ ಎತ್ತಿಕೊಂಡು ಹೋಗಿ ಬಳಸದ ಹಾಗೆ ಆ ವೈರನ್ನು ಚೂರುಚೂರು ಮಾಡಿದಳು.

"ಇವತ್ತು ಅಸ ಏಳ್ತು, ನೀನು ಕೇಳ್ದೆ. ದಿನಾಲೂ ಅಸ ಬರಲ್ಲ ಕಣ್ಲಾ ರವಿ. ಡಬ್ಬ ಬಿತ್ತು ಅಂದ್ರೆ ಡಬ್ಬನ ಬೈಬ್ಯಾಡ, ವೈರು ನೋಡು" ಎಂದಳು.

ಸ್ಕೂಟಿಯಲ್ಲಿದ್ದ ತನ್ನ ವೈರು ತಂದು, ಪ್ಲಗ್ಗಿಲ್ಲದ ಮೈಕಿಗೆ ಪ್ಲಗ್ಗು ಹಾಕಿಸಿ, ಹಳದಿ ಡಬ್ಬದ ಮೂಲಕ, ಬಾಗಿಲ ಹತ್ತಿರ ಸುಳಿಯದಂತೆ ಕಿಟಕಿಯ ಮೇಲಿಂದ ಎಳೆದಳು. ಡಬ್ಬ ಬೀಳಲಿಲ್ಲ. ಲೈಟುಗಳು ಹೊತ್ತಿದವು, ಹಾಡು ನಿಂತಲ್ಲಿಂದಲೇ ಶುರುವಾಯಿತು. ಕರಿಯಪ್ಪನವರು ದೂರದಲ್ಲಿ ಕೂತೇ ವೈರು ಇನ್ನೂ ಸ್ವಲ್ಪ ಮೇಲಕ್ಕೆ ಎಂದು ಹೇಳುತ್ತಿದ್ದರು. ಅವರ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ಎಲ್ಲ ಮುಗಿದ ಮೇಲೆ ಪುಷ್ಪಾ ನನ್ನ ಪಕ್ಕ ಬಂದು ಕೂತಳು. ಆಗ ನನಗೆ ನೆನಪಾಯಿತು, ಹಸು ಒಳಗೆ ಹೋಗುವಾಗ ಇವಳು ಬೆಳ್ಳಮ್ಮನ ಜಗಲಿಯಲ್ಲಿದ್ದಳು. ಇಡೀ ಊರು ನೋಡಿದ್ದನ್ನು ಬಾಗಿಲು ಮಾಡಿದವಳೊಬ್ಬಳು ನೋಡಿರಲಿಲ್ಲ. ಅವಳು ಮೆಲ್ಲಗೆ ಕೇಳಿದಳು.

"ಜಯಣ್ಣ, ಯಾವ ಕಾಲು ಮೊದ್ಲು ಮಡಗ್ತು?"

ಯಾವ ಕಾಲೆಂದು ನನಗೇನು ಗೊತ್ತು. ನಾನಾಗ ಅಜ್ಜಿಯ ಕೈ ಹಿಡಿದುಕೊಂಡು ಗುದ್ದು ತಿನ್ನುತ್ತಿದ್ದೆ. ಬಲಗಾಲು ಎಂದುಬಿಟ್ಟೆ. ಅವಳು ನನ್ನ ಮುಖ ನೋಡಿದಳು. ನನಗೆ ಸುಳ್ಳು ಹೇಳಲು ಬರುವುದಿಲ್ಲವೆಂದು ಅವಳಿಗೆ ಗೊತ್ತು. ದೊಡ್ಡತಾಯಮ್ಮ ಹಿಂದಿನಿಂದ ಗಂಟಲು ಸರಿಮಾಡಿಕೊಂಡರು. ಇಡೀ ಶಾಮಿಯಾನಕ್ಕೆ ಕೇಳುವ ಹಾಗೆ ಹೇಳಿದರು.

"ಬಲಗಾಲೇ ಕಣವ್ವ ಮಡಗಿದ್ದು. ನಾನು ಕಣ್ಣಾರೆ ಕಂಡಿವ್ನಿ." ಇನ್ನೂ ಒಂದು ಮಾತು ಸೇರಿಸಿದರು. "ನಮ್ಮ ಮಾರಮ್ಮನ ಗುಡಿ ಬಾಗ್ಲು ಗೆದ್ಲು ಇಡ್ದು ಓಗ್ಯದೆ. ನೀನೇ ಮಾಡ್ಕೊಡು."

ಪುಷ್ಪಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಬೇರೆ ಕಡೆ ನೋಡಿದೆ. ಸೆರಗು ಸರಿಸಿ ಮುಖ ಒರೆಸಿಕೊಂಡ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಗುಡಿಗೆ ಕರೆಂಟು ಎಲ್ಲಿಂದ ಎಳ್ದಿದೀರಜ್ಜಿ?"

ಅಜ್ಜಿಗೆ ಗೊತ್ತಿರಲಿಲ್ಲ. ಕೋಲೂರಿ ಎದ್ದು, ಬಾ, ಗುಡಿ ತೋರಿಸುತ್ತೇನೆ, ನೀನೇ ನೋಡು ಎಂದು ಮುಂದೆ ಹೊರಟರು. ಪುಷ್ಪಾ ಚಪ್ಪಲಿ ಮೆಟ್ಟಿಕೊಂಡು ಅವರ ಹಿಂದೆ ನಡೆದಳು.